ಗೇಟಿನ ಹೊರಗಿನ ಗೋದಾಮಿನಿಂದ ಕುಲಪತಿಗಳಿಗೆ

ಲಾಜಿಸ್ಟಿಕ್ಸ್ ಮತ್ತು ಸಪ್ಲೈ ಚೈನ್ ಪದವಿ ನಡೆಸುವ ಎಲ್ಲ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಿರುವ ಲಾರಿಯವನ ನಮಸ್ಕಾರಗಳು.

ಸ್ವಾಮಿ, ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡು ಕಂತಿನಲ್ಲಿ. ನನ್ನ ಅಕ್ಕನ ಮಗಳು ಮಾತ್ರ ನಿಮ್ಮ ಪದವಿ ಓದುತ್ತಿದ್ದಾಳೆ. ಮೊನ್ನೆ ಅವಳ ನೋಟ್ಸ್ ತಿರುವಿದೆ. 'ಜಸ್ಟ್ ಇನ್ ಟೈಮ್' ಅಂತ ಒಂದು ಪಾಠ. ಜಪಾನಿನ ಟೊಯೋಟಾದವರದ್ದಂತೆ: ಮಾಲು ಬೇಕಾದಾಗ ಬೇಕಾದಷ್ಟೇ ಬರಬೇಕು, ಗೋದಾಮಿನಲ್ಲಿ ಕೊಳೆಯಬಾರದು. ಓದಿ ನನಗೆ ಹೆಮ್ಮೆಯಾಯಿತು. ಇಲ್ಲಿ ಅದನ್ನು ಜಾರಿಗೆ ತಂದವನು ನಾನೇ ತಾನೆ? ಕಾರ್ಖಾನೆಯ ಗೋದಾಮು ಗುಡಿಸಿ ಒರೆಸಿದ ಹಾಗಿದೆ. ಮಾಲೆಲ್ಲ ರಸ್ತೆ ಬದಿ ನನ್ನ ಟಾರ್ಪಾಲಿನ ಕೆಳಗಿದೆ. ಗೋದಾಮಿಗಾದರೆ ಬಾಡಿಗೆ ಕೊಡಬೇಕು, ವಾಚ್‌ಮನ್ನಿಗೆ ಸಂಬಳ ಕೊಡಬೇಕು. ನಾನು ಎರಡೂ ಪುಕ್ಕಟೆ.

ಇನ್ನೊಂದು ಪುಟದಲ್ಲಿ ವರ್ಗಮೂಲದ ಚಿಹ್ನೆ ಹೊದ್ದ ಒಂದು ಸೂತ್ರ. 1913ರಲ್ಲಿ ಫೋರ್ಡ್ ಹ್ಯಾರಿಸ್ ಅನ್ನೋ ಅಮೆರಿಕದ ಎಂಜಿನಿಯರ್ ಬರೆದದ್ದು; ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಕಡಿಮೆ ಅನ್ನೋ ಲೆಕ್ಕ. ಮಾಲು ಇಟ್ಟುಕೊಳ್ಳುವ ಖರ್ಚಿಗೊಂದು ಅಕ್ಷರ, ಆರ್ಡರ್ ಹಾಕುವ ಖರ್ಚಿಗೊಂದು ಅಕ್ಷರ. "ಕಾಯೋ ಡ್ರೈವರಿಗೆ ಯಾವ ಅಕ್ಷರ ಪುಟ್ಟಿ?" ಅಂದೆ. "ನೀನು ಫಾರ್ಮುಲಾದಲ್ಲಿ ಬರಲ್ಲ ಮಾವ," ಅಂದಳು. ಕಾಪಿ ಹೊಡೆಯೋ ಹುಡುಗಿಯಲ್ಲ, ಸರಿಯಾಗೇ ಓದಿಕೊಂಡಿದ್ದಾಳೆ.

ಕಾಯುವುದು ಸರ್ಕಾರದ ಲೆಕ್ಕದಲ್ಲೂ ಇಲ್ಲ, ಅದಕ್ಕೆ ಕಿಲೋಮೀಟರಿನ ಲೆಕ್ಕವೇ ಇಷ್ಟ. ಐವತ್ತು ಸಾವಿರ ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ ಬೇಕು. 200 ಕಿಲೋಮೀಟರಿಗೆ ಒಂದು ದಿನ ಆಯುಸ್ಸು. ಪೀಣ್ಯದಲ್ಲಿ ಶುಕ್ರವಾರ ಲೋಡಾಯಿತು, ಬಿಲ್ಲು ಶನಿವಾರ ಮಧ್ಯರಾತ್ರಿವರೆಗೆ. ಶನಿವಾರ ಬೆಳಿಗ್ಗೆ ಎಂಟಕ್ಕೇ ಇಲ್ಲಿದ್ದೆ. ಡೆಲಿವರಿ ಚಲನ್ ಕೊಟ್ಟೆ, ಇನ್‌ವಾಯ್ಸ್ ಕೊಟ್ಟೆ, ತೂಕದ ಚೀಟಿ ಕೊಟ್ಟೆ. "ಇವತ್ತು ಇನ್‌ವರ್ಡ್ ಕ್ಲೋಸ್, ಸೋಮವಾರ ನೋಡೋಣ" ಅಂದರು. ಎಂಜಿನ್ ಆಫ್ ಮಾಡಿ ನಿಂತಲ್ಲೇ, ಗೇಟಿನ ಕಣ್ಣಳತೆಯಲ್ಲೇ, ಬಿಲ್ಲು ತೀರಿಕೊಂಡಿತು. ಮತ್ತೆ ಜೀವ ಕೊಡಿಸಲು, ತೀರಿದ ಮೇಲೆ ಎಂಟು ತಾಸಿನ ಗಡುವಿದೆ. ಆ ಹೊತ್ತಿನಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನ ಫೋನ್ ಸ್ವಿಚ್ ಆಫ್.

ಕಕ್ಕಸಿನ ವಿಷಯ ಕುಲಪತಿಗಳಿಗೆ ಬರೆಯಬಾರದು, ಆದರೂ ಇದು ಸಪ್ಲೈ ಚೈನೇ. ಕಕ್ಕಸು ಕಾಂಪೌಂಡಿನ ಒಳಗಿದೆ. ಒಳಗೆ ಹೋಗಲು ಗೇಟ್ ಪಾಸ್ ಬೇಕು. ಗೇಟ್ ಪಾಸ್ ಸಿಗಲು ಅನ್‌ಲೋಡಿಂಗ್ ಸರದಿ ಬರಬೇಕು. ಸರದಿ ಸೋಮವಾರ.

ದಸರೆ ಬಂತೆಂದರೆ ವೀರನಹೊಸಹಳ್ಳಿಯಿಂದ ಆನೆಗಳು ಇದೇ ಹುಣಸೂರು ರಸ್ತೆಯಲ್ಲಿ ಲಾರಿ ಹತ್ತಿ ಬರುತ್ತವೆ. 750 ಕೆಜಿ ಅಂಬಾರಿ ಹೊತ್ತ ಆನೆ ಅಭಿಮನ್ಯುವಿಗೆ ಯಾರೂ 'ಇನ್‌ವರ್ಡ್ ಕ್ಲೋಸ್' ಅಂದದ್ದಿಲ್ಲ. ಅರಮನೆಯ ಜಯಮಾರ್ತಾಂಡ ದ್ವಾರದಲ್ಲಿ ಪೂಜೆ ಮಾಡಿ ಒಳಗೆ ಕರೆದುಕೊಳ್ಳುತ್ತಾರೆ. ಅವನನ್ನು ತಂದ ಲಾರಿಯ ಡ್ರೈವರ್ ಉಂಡನೋ ಇಲ್ಲವೋ, ಯಾವ ಪೇಪರಿನಲ್ಲೂ ಬಂದಿಲ್ಲ.

ಸಾಗಣೆ ಖರ್ಚು ಇಳಿಸಬೇಕೆಂದು 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಬಂತು. ಇಳಿದ ಖರ್ಚು ಎಲ್ಲಿಗೆ ಹೋಯಿತೆಂದು ಹುಡುಕಬೇಡಿ, ನನ್ನ ಹತ್ತಿರ ಭದ್ರವಾಗಿದೆ. ಅದೇ ವರ್ಷ ವಡೋದರದಲ್ಲಿ ಗತಿಶಕ್ತಿ ವಿಶ್ವವಿದ್ಯಾಲಯವೂ ಆಯಿತು. ಗತಿಗೊಂದು ಆಯಿತಲ್ಲ ಸ್ವಾಮಿ, ನಿಲ್ಲುವುದಕ್ಕೊಂದು ಬೇಡವೇ? ಹೂಟಗಳ್ಳಿಯಲ್ಲಿ ಸ್ಥಿತಿಶಕ್ತಿ ವಿಶ್ವವಿದ್ಯಾಲಯ ಶುರು ಮಾಡಿ. ಕಟ್ಟಡ ಬೇಡ, ಕ್ಯಾಬಿನ್ನೇ ಕ್ಲಾಸ್‌ರೂಮು. ಪಠ್ಯ: ಕಾದ ದಿನಗಳ ಹಾಲ್ಟಿಂಗ್ ಹಣ ಕೇಳುವುದು ಹೇಗೆ. ಪ್ರಾಕ್ಟಿಕಲ್: ಎರಡು ರಾತ್ರಿ, ಸೊಳ್ಳೆ ಸಮೇತ. ಹಾಜರಾತಿ ನೂರಕ್ಕೆ ನೂರು ಗ್ಯಾರಂಟಿ, ಯಾರೂ ಜಾಗ ಬಿಟ್ಟು ಕದಲುವ ಹಾಗಿಲ್ಲ.

ಇತಿ ತಮ್ಮ ವಿಧೇಯ,
ಸಾಲಿನಲ್ಲಿ ನಾಲ್ಕನೆಯವನು

ವಿ.ಸೂ.: ಈಗ ಸೋಮವಾರ ಹನ್ನೊಂದು ಗಂಟೆ. ಸ್ಟೋರ್ಸ್‌ನವರು ಟೀಗೆ ಹೋಗಿದ್ದಾರೆ. ನಾನು ಐದನೆಯವನಾಗಿದ್ದೇನೆ.