ಟಕ್ ಎಂದರೆ ಸಾಕು: ರಿಲೇ ರಿಪೇರಿಯ ಅಳವಂಡಿ ಪದ್ಧತಿ

ಮೊದಲು ಕಾರನ್ನು ಸರಿಯಾಗಿ ಆರಿಸಿ. 1982ರಲ್ಲಿ ಬೆಂಗಳೂರಿನಿಂದ ಬಂದ ಸಿಪಾನಿ ಡಾಲ್ಫಿನ್ ಆದರೆ ಉತ್ತಮ. ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಅಚ್ಚು, ಎರಡೇ ಬಾಗಿಲು, 848 ಸಿಸಿಯ ಪುಟ್ಟ ಎಂಜಿನ್, ಹಗುರ ಮೈ. ರ್‍ಯಾಲಿಗಳಲ್ಲಿ ಹೆಸರು ಮಾಡಿದ ಗಾಡಿ. ನಿಮ್ಮದು ಆರು ವರ್ಷದಿಂದ ಜೋಳದ ಚೀಲಗಳ ಮಗ್ಗುಲಲ್ಲಿ ನಿಂತಿದ್ದರೂ ಅಳುಕದೆ ‘ಸ್ಪೋರ್ಟ್ಸ್ ಕಾರ್’ ಎನ್ನಿ.

ಹೆಡ್‌ಲೈಟ್ ಹತ್ತುತ್ತಿಲ್ಲವೆ? ಅವಸರ ಬೇಡ. ನಮ್ಮೂರು ಅಳವಂಡಿಯಿಂದ ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಹೊರಡುವ ಸಂಜೆಯವರೆಗೂ ಕಾಯಿರಿ. ಮನೆಮಂದಿ ಹೊಸ ಬಟ್ಟೆಯುಟ್ಟು ಕಟ್ಟೆಯ ಮೇಲೆ ಕೂತ ಮೇಲೆ ಬಾನೆಟ್ ಎತ್ತಿ. ಹಗಲಿನಲ್ಲಿ ಎತ್ತಿದರೆ ವೈರುಗಳ ಬಣ್ಣ ಕಂಡುಬಿಡುತ್ತದೆ.

ರಿಲೇ ಎಂದರೆ ದೊಡ್ಡ ಮನೆಯ ಆಳು. ಯಜಮಾನರು ಪಡಸಾಲೆಯಲ್ಲಿ ಕೂತು ಕೆಮ್ಮಿದರೆ ಸಾಕು, ಆತ ಹೋಗಿ ಮೂಟೆ ಎತ್ತುತ್ತಾನೆ. 85 ಮತ್ತು 86ನೇ ನಂಬರಿನ ಕಾಲುಗಳಲ್ಲಿ ಸಣ್ಣ ಕರೆಂಟು ಕೆಮ್ಮುತ್ತದೆ. ಒಳಗಿನ ಸುರುಳಿ ಅಯಸ್ಕಾಂತವಾಗಿ ಪಟ್ಟಿಯನ್ನೆಳೆದು 30ನ್ನೂ 87ನ್ನೂ ಕೂಡಿಸುತ್ತದೆ. 60 ವ್ಯಾಟಿನ ಎರಡು ಬಲ್ಬುಗಳಿಗೆ ಬೇಕಾದ 10 ಆಂಪಿಯರ್ ಆ ದಾರಿಯಲ್ಲಿ ಹೋಗುತ್ತದೆ, ಸ್ವಿಚ್ಚು ಸುಡದೆ ಉಳಿಯುತ್ತದೆ. ಇಷ್ಟನ್ನು ನೆರೆದವರಿಗೆ ವಿವರಿಸಿ, ನೀವು ಮರೆತುಬಿಡಿ.

ಈಗ ಸ್ವಿಚ್ ಹಾಕಿ, ಕಿವಿಗೊಡಿ. ‘ಟಕ್’ ಎಂದಿತೆ? ರಿಲೇ ಚಲೋ ಐತಿ ಎಂದು ಸಾರಿ. ಸುರುಳಿ ಎಳೆದದ್ದಷ್ಟೇ ಅದರರ್ಥ, ಪಾಯಿಂಟುಗಳು ಕರಕಲಾಗಿ ಕರೆಂಟು ದಾಟದೆಯೂ ಇದ್ದೀತು ಎನ್ನುವ ಹುಡುಗನನ್ನು ಚಹಾ ತರಲು ಕಳಿಸಿ. ‘ಟಕ್’ ಬಾರದಿದ್ದರೆ ಸ್ಪ್ಯಾನರಿನಿಂದ ನೆತ್ತಿಗೊಂದು ಕೊಡಿ.

ಪಕ್ಕದಲ್ಲೇ ಹಾರ್ನಿನ ರಿಲೇ ಇರುತ್ತದೆ. ಅದೇ ಅಳತೆ, ಅವೇ ನಾಲ್ಕು ಕಾಲು. ಎರಡನ್ನೂ ಅದಲುಬದಲು ಮಾಡಿದರೆ ಅರ್ಧ ನಿಮಿಷದಲ್ಲಿ ಕಳ್ಳ ಸಿಗುತ್ತಾನೆ. ಆದ್ದರಿಂದ ಮಾಡಬೇಡಿ. ಇನ್ನೂ ಮಂದಿ ಸೇರಿಲ್ಲ.

ಸೇರುತ್ತಾರೆ. ಟ್ರ್ಯಾಕ್ಟರ್ ಬಿಚ್ಚುವವ, ಪಂಪ್‌ಸೆಟ್ ವೈಂಡಿಂಗಿನವ, ಡಿಶ್ ಕೂರಿಸುವವ. ‘ಕಾರ್ಬೋರೇಟರ್‌ನ್ಯಾಗ ಕಸ ಐತ್ರಿ’ ಎಂದರೆ ಅದನ್ನೂ ಬಿಚ್ಚಿಸಿ. ಯಾರ ಮನಸ್ಸೂ ನೋಯದಂತೆ ಒಬ್ಬೊಬ್ಬರಿಗೂ ಒಂದೊಂದು ವೈರು ಕತ್ತರಿಸಲು ಕೊಡಿ. ಫ್ಯೂಸ್ ಹಾರಿದರೆ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ. ಇನ್ನು ಫ್ಯೂಸ್ ಹಾರುವುದಿಲ್ಲ, ವೈರೇ ಸುಡುತ್ತದೆ. ಹೊಗೆ ಎಲ್ಲಿಂದ ಬಂತೆಂದು ನೋಡಿದರೆ ದೋಷದ ಜಾಗವೂ ಗೊತ್ತಾಗುತ್ತದೆ.

ಒಂದು ಅಪಾಯವನ್ನು ಮಾತ್ರ ನಾನು ಹೇಳಲೇಬೇಕು. ಡಾಲ್ಫಿನ್ನಿನ ಮೈ ಫೈಬರಿನದು. ಅಂಬಾಸಡರಿನ ತಗಡಾದರೆ ಕರೆಂಟನ್ನು ತಾನೇ ಬ್ಯಾಟರಿಗೆ ಮರಳಿಸುತ್ತದೆ, ಫೈಬರ್ ಮರಳಿಸದು. ಅದಕ್ಕಾಗಿ ದೀಪದೀಪಕ್ಕೂ ಅರ್ಥ್ ವೈರು ಬೇಕು. ನನ್ನ ಗಾಡಿಯಲ್ಲಿ ಮುಂದಿನ ದೀಪಗಳ ಆ ವೈರುಗಳೆಲ್ಲ ರೇಡಿಯೇಟರಿನ ಮಗ್ಗುಲಲ್ಲಿ, ಚಾಸಿಯ ಒಂದೇ ಬೋಲ್ಟಿಗೆ ಬಂದು ಸೇರಿವೆ. ಮೇಲೆ ಹಲವು ಆಯುಧಪೂಜೆಗಳ ಅರಿಷಿಣ ಕುಂಕುಮ, ಅದರ ಕೆಳಗೆ ಎರೆಹೊಲದ ಧೂಳು, ಅದರ ಕೆಳಗೆ ಹಸಿರು ಕಿಲುಬು, ತಳದಲ್ಲಿ ತುಕ್ಕು ತಿಂದ ವಾಶರ್. ಈ ಬೋಲ್ಟು ಕಂಡರೆ ಕೈಮುಗಿಯಿರಿ, ಕೈ ಹಚ್ಚಬೇಡಿ. ಉಸುಕಿನ ಕಾಗದದಿಂದ ನಾಲ್ಕು ಸಲ ಉಜ್ಜಿ ಬಿಗಿದರೆ ಕಾರು ಸರಿಹೋಗುವ ಸಂಭವವಿದೆ.

ಯಾರಾದರೂ ಮೀಟರ್ ತಂದರೆ ತಡೆಯಬೇಡಿ, ಅನುಮಾನ ಬರುತ್ತದೆ. ದೀಪ ಹಾಕಿ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಆ ಬೋಲ್ಟಿನ ಅರ್ಥ್ ವೈರಿನ ತುದಿಯ ಬಳೆಗೆ ಮುಟ್ಟಿಸಲಿ. ಮುಳ್ಳು ಸೊನ್ನೆಯ ಹತ್ತಿರವೇ ನಿಲ್ಲಬೇಕು. ನನ್ನದರಲ್ಲಿ 4 ವೋಲ್ಟ್ ತೋರಿಸಿತು. ಮೀಟರ್ ಕೆಟ್ಟಿದೆ ಎಂದು ತೀರ್ಪು ಕೊಡಿ.

ಬದಲಿಗೆ ಗಾಡಿಯ ಸ್ವಭಾವವನ್ನು ಬಾಯಿಪಾಠ ಮಾಡಿ. ಮರಳುವ ದಾರಿ ಸಿಗದ ಕರೆಂಟು ಕಂಡವರ ಮನೆ ಹೊಕ್ಕು ಹೋಗುತ್ತದೆ: ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟು ಪಿಳುಕಿಸುತ್ತದೆ, ಡಿಪ್ ಮಾಡಿದರೆ ಹೈಬೀಮ್ ಕೆಂಡದಂತೆ ಮಿನುಗುತ್ತದೆ. ಇದನ್ನು ಕಾರಿನ ‘ಕ್ಯಾರೆಕ್ಟರ್’ ಎಂದು ಕರೆಯಿರಿ. ಹಳೆ ಕಾರಿನವರೆಲ್ಲ ತಲೆದೂಗುತ್ತಾರೆ.

ಕಡೆಗೆ ಹೊಸ ರಿಲೇ ಕೊಳ್ಳಿ. ಮುಂದಿನ ವಾರ ಇನ್ನೊಂದು ಕೊಳ್ಳಿ. ನನ್ನ ಡಿಕ್ಕಿಯಲ್ಲಿ ಹನ್ನೊಂದು ಇವೆ, ಎಲ್ಲವೂ ‘ಟಕ್’ ಎನ್ನುತ್ತವೆ.

ಇಷ್ಟರಲ್ಲಿ ಕಟ್ಟೆ ಖಾಲಿಯಾಗಿರುತ್ತದೆ. ಮನೆಮಂದಿ ಬಸ್ಸು ಹತ್ತಿರುತ್ತಾರೆ. ಟಾರ್ಚಿಗೆಂದು ಹಚ್ಚಿಟ್ಟ ಫೋನಿನಲ್ಲಿ ಚಾರ್ಜ್ ಉಳಿದಿದ್ದರೆ ಕರೆ ಮಾಡಿ, ದಾಸೋಹದ ಮಿರ್ಚಿ ಎರಡು ಕಟ್ಟಿಸಿಕೊಂಡು ಬರಲು ಹೇಳಿ.