ಉಪಚುನಾವಣೆಯೆಂಬ ಉಪಕಾರ

ಶಾಸಕರು ತೀರಿಕೊಂಡರೆ ಉಪಚುನಾವಣೆ ಬರುತ್ತದೆ ಅಂದುಕೊಂಡಿದ್ದೆವು. ಹೊಸಪೇಟೆಯಲ್ಲೂ ಸಂಡೂರಿನಲ್ಲೂ ಯಾರೂ ತೀರಿಕೊಳ್ಳಲಿಲ್ಲ. ಉಪಚುನಾವಣೆ ಬಂತು.

ಹೊಸಪೇಟೆಯದು 2019ರ ಕಥೆ. ಜಿಂದಾಲ್ ಉಕ್ಕು ಕಂಪನಿಗೆ ಸರ್ಕಾರ 3,667 ಎಕರೆ ಮಾರಬಾರದೆಂದು ಆನಂದ್ ಸಿಂಗ್ ಕಾಂಗ್ರೆಸ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನೆಲಕ್ಕಾಗಿ ಖುರ್ಚಿ ಬಿಟ್ಟ ಪುಣ್ಯಾತ್ಮ! ಸ್ಪೀಕರ್ ಅನರ್ಹ ಎಂದರು. ಅನರ್ಹತೆಯೂ ಸರಿ, ಮತ್ತೆ ನಿಲ್ಲುವುದೂ ಸರಿ ಎಂದಿತು ಸುಪ್ರೀಂ ಕೋರ್ಟ್. ಮರುದಿನವೇ ಕಮಲ ಹಿಡಿದರು. ಡಿಸೆಂಬರ್ 5ಕ್ಕೆ ನಾವು ಸಾಲಿನಲ್ಲಿ ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು, ಅನರ್ಹರನ್ನು ಅರ್ಹರನ್ನಾಗಿ ಮಾಡಿದೆವು. ಎರಡು ತಿಂಗಳಿಗೆ ಮಂತ್ರಿಯಾದರು.

2021ರ ಏಪ್ರಿಲ್‌ನಲ್ಲಿ ಅದೇ ನೆಲದ ಮಾರಾಟಕ್ಕೆ ಅವರಿದ್ದ ಸಂಪುಟವೇ ಒಪ್ಪಿತು. ಗಲಾಟೆಯಾದ ಮೇಲೆ ತಡೆಹಿಡಿದರು, ಅದು ಬೇರೆ ಮಾತು. ಈ ಸಲ ರಾಜೀನಾಮೆ ಬರಲಿಲ್ಲ. ಒಬ್ಬ ಮನುಷ್ಯ ಎಷ್ಟು ಸಲ ತ್ಯಾಗ ಮಾಡಬೇಕು?

2018ರಲ್ಲಿ ಸಿಂಗ್ ಕಾಂಗ್ರೆಸ್, ಎದುರಾಳಿ ಗವಿಯಪ್ಪ ಬಿಜೆಪಿ. 2023ರಲ್ಲಿ ಗವಿಯಪ್ಪ ಕಾಂಗ್ರೆಸ್, ಎದುರಾಳಿ ಸಿಂಗ್ ಅವರ ಮಗ ಬಿಜೆಪಿ. ನಮ್ಮ ಬಯಲಾಟದಲ್ಲೂ ಭೀಮ, ದುರ್ಯೋಧನರು ಆಟದ ಅರ್ಧದಲ್ಲಿ ಕಿರೀಟ ಬದಲಾಯಿಸಿಕೊಳ್ಳುವುದಿಲ್ಲ.

ಸಂಡೂರಿನದು ಇನ್ನೂ ಸರಳ. 2024ರಲ್ಲಿ ಶಾಸಕ ಇ. ತುಕಾರಾಂ ಬಳ್ಳಾರಿ ಸಂಸದರಾದರು. ಖುರ್ಚಿ ಖಾಲಿ. ಇಡೀ ತಾಲ್ಲೂಕು ಜಾಲಾಡಿದ ಕಾಂಗ್ರೆಸ್ಸಿಗೆ ಯೋಗ್ಯ ಅಭ್ಯರ್ಥಿ ಕಂಡದ್ದು ತುಕಾರಾಂ ಅವರ ಮನೆಯಲ್ಲೇ. ನವೆಂಬರ್ 13ರ ಉಪಚುನಾವಣೆಯಲ್ಲಿ ಪತ್ನಿ ಅನ್ನಪೂರ್ಣ 9,649 ಮತಗಳಿಂದ ಗೆದ್ದರು. ಕುಟುಂಬ ರಾಜಕಾರಣವನ್ನು ಸದಾ ಬೈಯುವ ಬಿಜೆಪಿ ಏನು ಮಾಡುತ್ತಿತ್ತು? ಅದೇ ದಿನದ ಶಿಗ್ಗಾವಿ ಉಪಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ಬೊಮ್ಮಾಯಿಯವರ ಮಗನಿಗೆ ಓಟು ಕೇಳುತ್ತಿತ್ತು.

ಸಂಡೂರಿನ ರಸ್ತೆ ಬದಿ ಬಿಳಿ ಅಂಗಿ ತೊಟ್ಟು ನಿಂತು ನೋಡಿ. ಹತ್ತು ಅದಿರು ಲಾರಿ ದಾಟುವಷ್ಟರಲ್ಲಿ ಕಾಲರ್ ಕೆಂಪು. ನೀತಿಸಂಹಿತೆ ಬಂದಾಗ ಗೋಡೆ ಮೇಲಿನ ಪೋಸ್ಟರ್ ಕೀಳುತ್ತಾರೆ. ದೂಳನ್ನು ಯಾರೂ ಕೇಳುವುದಿಲ್ಲ.

ಅಂದ ಹಾಗೆ, ಆ 3,667 ಎಕರೆ? ಉಪಚುನಾವಣೆಗೆ ಮೂರು ತಿಂಗಳು ಮೊದಲು, 2024ರ ಆಗಸ್ಟ್‌ನಲ್ಲಿ, ಕಾಂಗ್ರೆಸ್ ಸಂಪುಟ ಮಾರಾಟಕ್ಕೆ ಒಪ್ಪಿತು. ತೋರಣಗಲ್ಲು, ಕುರೇಕುಪ್ಪದ ಆ ನೆಲ ಇರುವುದೂ ಸಂಡೂರು ತಾಲ್ಲೂಕಿನಲ್ಲೇ. ಅಲ್ಲೇ ಬಂದು ಕೈಮುಗಿದರು, ಅಲ್ಲೇ ಗೆದ್ದರು.

ಖಾಲಿಯಾದ ಖುರ್ಚಿಯನ್ನು ಆರು ತಿಂಗಳೊಳಗೆ ತುಂಬಬೇಕೆಂದು ಕಾನೂನಿದೆ. ಹೋದ ನೆಲಕ್ಕೆ ಉಪಚುನಾವಣೆ ಇಲ್ಲ.