ಎಲ್ಲರಿಗೂ ಕಂಡ ಹಕ್ಕಿ

ಹಕ್ಕಿ ನೋಡುವವರ ಗುಂಪಿನಲ್ಲಿ ದೊಡ್ಡ ಹಕ್ಕಿಗಳಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ರಂಗನತಿಟ್ಟಿನಲ್ಲಿ ಫಾಲ್ಗುಣದ ಬೆಳಗು. ಕಾವೇರಿಯ ನಡುಗಡ್ಡೆಗಳ ಮರಮರದಲ್ಲೂ ಬಣ್ಣದ ಕೊಕ್ಕರೆಗಳು ಸಂಸಾರ ಹೂಡಿವೆ. ಬಂಡೆಯ ಮೇಲೊಂದು ಮೊಸಳೆ ಬಾಯಿ ಕಳೆದುಕೊಂಡು ಬಿಸಿಲು ಕಾಯಿಸುತ್ತಿದೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಅರಸರಿಗೆ ಹೇಳಿ ಇದನ್ನು ಪಕ್ಷಿಧಾಮ ಮಾಡಿಸಿದ್ದು ನನ್ನಂಥ ಮಂದದೃಷ್ಟಿಯವರ ಮೇಲಿನ ಕರುಣೆಯಿಂದಲೇ ಇರಬೇಕು ಎಂದುಕೊಂಡು ಕಣ್ತುಂಬ ನೋಡುತ್ತಿದ್ದೆ.

“ಅದೇನ್ ನೋಡ್ತೀರಿ ಸಾರ್, ಇಲ್ಲಿ ಬನ್ನಿ!” ಮುಖಂಡರು ಪಿಸುಗುಟ್ಟಿದರು. ಇಡೀ ಗುಂಪು ಕೊಕ್ಕರೆಗಳಿಗೆ ಬೆನ್ನು ಹಾಕಿ ದಡದ ಪೊದೆಯೊಂದಕ್ಕೆ ದುರ್ಬೀನು ಹಿಡಿದಿತ್ತು. ಒಳಗೆ ಉಲಿಯಕ್ಕಿಯಂತೆ. ಬೆರಳುದ್ದ, ಮಣ್ಣುಬಣ್ಣ, ಚಳಿಗಾಲ ಕಳೆಯಲು ಬಂದದ್ದು, ಇನ್ನೇನು ಗಂಟುಮೂಟೆ ಕಟ್ಟುವ ಹೊತ್ತು. “ಒಣಕೊಂಬೆ ಇದೆಯಲ್ಲ, ಅದರ ಎಡಕ್ಕೆ, ಎಲೆ ಹಿಂದೆ.” ಪೊದೆ ತುಂಬ ಒಣಕೊಂಬೆಗಳೇ! ದುರ್ಬೀನು ತಿರುವಿದೆ. ಮೊದಲು ಬರೀ ಮಂಜು. ಆಮೇಲೆ ಮುಂದೆ ನಿಂತವರ ಕಿವಿ, ಅದರ ಮೇಲಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ. ಸುತ್ತಲಿನವರೆಲ್ಲ “ಆಹಾ, ಆಹಾ” ಎನ್ನುತ್ತಿದ್ದರು. ಮರ್ಯಾದೆ ಪ್ರಶ್ನೆ, ನಾನೂ ಒಂದು “ಆಹಾ” ಸೇರಿಸಿದೆ.

ಪಕ್ಕದಲ್ಲಿದ್ದ ಹಿರಿಯಮ್ಮ ಕೋಡುಬಳೆ ಪೊಟ್ಟಣವನ್ನು ಪರಪರ ಬಿಚ್ಚುತ್ತ ಕೇಳಿದರು: “ಕಂಡ್ತೇನಪ್ಪಾ?”

“ಹೂಂ, ಬಾಲ ಬಹಳ ಚೆಂದ.”

ಅವರು ನನ್ನ ಮುಖವನ್ನೊಮ್ಮೆ ನೋಡಿ, ಎರಡು ಕೋಡುಬಳೆ ಕೈಗಿಟ್ಟು, “ನನಗೂ ಬಾಲವೇ ಕಂಡದ್ದಪ್ಪಾ. ಹೋದ ವರ್ಷವೂ ಅಷ್ಟೇ,” ಎಂದರು.